ನಾಯಿಗೆ ಒಗ್ಗದ ಆಹಾರ: ಗುರುತಿಸುವುದು ಹೇಗೆ?

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸ)



ಬೇಸಾಯಶಾಸ್ತ್ರದ ಮೇಷ್ಟ್ರು ನಾಯಿಯ ವಿಷಯ ಮಾತನಾಡುವುದೇ ಎಂದು ನಿಮಗೆ ಅನಿಸಬಹುದು. ನಾನು ಪಶುವೈದ್ಯನಲ್ಲ. ಆದರೆ ನಮ್ಮ ಹೊಲ ಕಾಯುವ ನಾಯಿಯನ್ನು ಉಳಿಸಲು ಪಶುವೈದ್ಯರು ನನ್ನಿಂದ ಮಾಡಿಸಿದ ಕೆಲಸ, ನಾನು ದಿನವೂ ಪಾಠ ಹೇಳುವ ಕ್ಷೇತ್ರ ಪ್ರಯೋಗದಂತೆಯೇ ಇತ್ತು. ಆದ್ದರಿಂದ ಈ ಮಾತು.

ನಮ್ಮ ಕರಿಯ ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗದಂತೆ ಕಾಯುತ್ತಿತ್ತು. ಎರಡು ವರ್ಷ ತುಂಬುವ ಹೊತ್ತಿಗೆ ಅದಕ್ಕೆ ತುರಿಕೆ ಶುರುವಾಯಿತು. ಹಗಲೂ ರಾತ್ರಿ ಪಾದ ನೆಕ್ಕುವುದು, ಕಿವಿ ಕೆರೆಯುವುದು, ಹೊಟ್ಟೆಯನ್ನು ನೆಲಕ್ಕೆ ಉಜ್ಜುವುದು. ಕಿವಿ ಪದೇ ಪದೇ ಸೋರಿ ವಾಸನೆ ಬರುತ್ತಿತ್ತು. ಮಳೆಗಾಲ, ಚಳಿಗಾಲ, ಬೇಸಿಗೆ ಯಾವಾಗಲೂ ಒಂದೇ ಸಮ. ಕಜ್ಜಿ ಎಂದು ಯಾರೋ ಹೇಳಿದ್ದನ್ನು ನಂಬಿ ಹಳೆಯ ಎಂಜಿನ್ ಆಯಿಲ್ ಹಚ್ಚಿಸಿದೆ. ಓದಿದವನು ಮಾಡಬಾರದ ತಪ್ಪು ಅದು. ನಾಯಿ ಆ ಎಣ್ಣೆಯನ್ನು ನೆಕ್ಕುತ್ತದೆ; ಅದು ವಿಷ. ಕೊನೆಗೆ ಕರಿಯನನ್ನು ದೂರದ ಊರಿಗೆ ಬಿಟ್ಟುಬರುವ ಮಾತು ಮನೆಯಲ್ಲಿ ಬಂತು.

ಅಲರ್ಜಿ ಎಂದರೇನು?

ಪಶುವೈದ್ಯರು ಮೊದಲು ಉಣ್ಣೆ, ಚಿಗಟ ನೋಡಿದರು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ಕಜ್ಜಿಯ ಹುಳು ಹುಡುಕಿದರು. ತುರಿಕೆಗೆ ಹೆಚ್ಚಾಗಿ ಇವೇ ಕಾರಣ. ಇವೆಲ್ಲಕ್ಕೂ ಚಿಕಿತ್ಸೆಯಾದ ಮೇಲೂ ತುರಿಕೆ ನಿಲ್ಲದಿದ್ದಾಗ ಆಹಾರದ ಮೇಲೆ ಅನುಮಾನ ಪಟ್ಟರು.

ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿ, ಆಹಾರದಲ್ಲಿನ ಯಾವುದೋ ಸಸಾರಜನಕವನ್ನೇ, ಅಂದರೆ ಪ್ರೋಟೀನನ್ನೇ, ಶತ್ರುವೆಂದು ತಪ್ಪು ತಿಳಿಯುವುದೇ ಅಲರ್ಜಿ. ಹೊಸ ಆಹಾರವೇ ಕಾರಣವೆಂದು ತಿಳಿಯಬೇಡಿ. ವರ್ಷಗಟ್ಟಲೆ ತಿಂದದ್ದೂ ಒಂದು ದಿನ ಒಗ್ಗದೆ ಹೋಗಬಹುದು. ಇಂಥ 297 ನಾಯಿಗಳ ವಿವರಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ದನದ ಮಾಂಸ ಶೇ. 34, ಹಾಲಿನ ಪದಾರ್ಥ ಶೇ. 17, ಕೋಳಿ ಶೇ. 15, ಗೋಧಿ ಶೇ. 13 ನಾಯಿಗಳಿಗೆ ಒಗ್ಗಿರಲಿಲ್ಲ. ಹಾಲು ಕುಡಿದಾಗ ಬರೀ ಭೇದಿಯಾಗುವುದು ಸಾಮಾನ್ಯವಾಗಿ ಹಾಲಿನ ಸಕ್ಕರೆ ಅರಗದ ತೊಂದರೆ, ಅದು ಬೇರೆ.

ರಕ್ತ ಪರೀಕ್ಷೆಯನ್ನು ಇದಕ್ಕೆ ನೆಚ್ಚುವಂತಿಲ್ಲ. ಆಹಾರ ಬದಲಿಸಿ ನೋಡುವುದೊಂದೇ ಖಚಿತವಾದ ದಾರಿ.

ಎಂಟು ವಾರಗಳ ಪ್ರಯೋಗ

ಬಿತ್ತನೆ ಬೀಜ, ಗೊಬ್ಬರ, ಸಾಲಿನ ಅಂತರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಇಳುವರಿ ಏರಿದ್ದು ಯಾವುದರಿಂದ ಎಂದು ಹೇಳಲಾಗದು. ಇಲ್ಲಿಯೂ ಹಾಗೆಯೇ. ಕರಿಯ ಅದುವರೆಗೆ ತಿಂದದ್ದು ರಾಗಿ ಮುದ್ದೆ, ಅನ್ನ, ಹಾಲು, ಮಜ್ಜಿಗೆ, ಹಬ್ಬಕ್ಕೆ ಕೋಳಿ ಮತ್ತು ಕುರಿ ಮಾಂಸ. ಮೀನು, ಗೆಣಸು ಎಂದೂ ತಿಂದಿರಲಿಲ್ಲ. ಆದ್ದರಿಂದ ಮುಳ್ಳು ತೆಗೆದ ಬೇಯಿಸಿದ ಮೀನು, ಬೇಯಿಸಿದ ಗೆಣಸು, ನೀರು, ಇಷ್ಟೇ ಎಂಟು ವಾರ. ಬೀದಿಯಲ್ಲಿ ಸಿಕ್ಕಿದ್ದನ್ನು ತಿನ್ನದಂತೆ ಕಟ್ಟಿಹಾಕಿದೆವು.

ಮೂರನೆಯ ವಾರ ತುರಿಕೆ ಇಳಿಯತೊಡಗಿತ್ತು. ಅಷ್ಟರಲ್ಲಿ ನಮ್ಮ ತಾಯಿಯವರು, "ಪಾಪ, ಮೂಕ ಪ್ರಾಣಿ" ಎಂದು ಒಂದು ಹಿಡಿ ಮೊಸರನ್ನ ಹಾಕಿದರು. ಎರಡೇ ದಿನದಲ್ಲಿ ಮತ್ತೆ ಪಾದ ನೆಕ್ಕತೊಡಗಿತು. ಲೆಕ್ಕ ಮೊದಲಿನಿಂದ ಶುರು! ಪ್ರಯೋಗ ಕೆಡುವುದು ಬಹುಪಾಲು ಹೀಗೆಯೇ, ಪ್ರೀತಿಯಿಂದ. ಮನೆಯವರಿಗೆಲ್ಲ, ಆಳುಗಳಿಗೆ, ಪಕ್ಕದ ಮನೆಯ ಮಕ್ಕಳಿಗೆ ಮೊದಲೇ ತಿಳಿಸಬೇಕಿತ್ತು. ಆ ತಪ್ಪು ನನ್ನದು.

ಎರಡನೆಯ ಸಲ ಎಂಟು ವಾರ ಮುಗಿದಾಗ ಹೊಟ್ಟೆಯ ಮೇಲೆ ಹೊಸ ಕೂದಲು ಬಂದಿತ್ತು. ಆದರೂ ಪ್ರಯೋಗ ಮುಗಿಯಲಿಲ್ಲ. ಹಳೆಯ ಆಹಾರಗಳನ್ನು ಒಂದೊಂದಾಗಿ, ಒಂದೊಂದಕ್ಕೂ ಎರಡು ವಾರದಂತೆ, ಮತ್ತೆ ಕೊಟ್ಟು ನೋಡಿದೆವು. ರಾಗಿ ಒಗ್ಗಿತು. ಅನ್ನ, ಕೋಳಿ, ಕುರಿ ಮಾಂಸವೂ ಒಗ್ಗಿದವು. ಹಾಲು ಕೊಟ್ಟ ಮೂರನೆಯ ದಿನಕ್ಕೆ ತುರಿಕೆ ಬಂತು. ದಿನವೂ ಅಕ್ಕರೆಯಿಂದ ಹಾಕುತ್ತಿದ್ದ ಹಾಲು, ಮಜ್ಜಿಗೆಯೇ ಅದರ ಶತ್ರುವಾಗಿತ್ತು.

ನೆನಪಿಡಬೇಕಾದ ಅಂಶಗಳು

1. ಮೊದಲು ಪಶುವೈದ್ಯರಿಗೆ ತೋರಿಸಿ. ಉಣ್ಣೆ, ಚಿಗಟ, ಕಜ್ಜಿಗೆ ಚಿಕಿತ್ಸೆಯಾಗಲಿ. ಎಂಜಿನ್ ಆಯಿಲ್, ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧ ಎಂದೂ ಹಚ್ಚಬೇಡಿ.

2. ನಾಯಿ ಹಿಂದೆ ತಿಂದದ್ದನ್ನೆಲ್ಲ ಪಟ್ಟಿ ಮಾಡಿ. ಪಟ್ಟಿಯಲ್ಲಿ ಇಲ್ಲದ ಆಹಾರವನ್ನು ಪ್ರಯೋಗಕ್ಕೆ ಆರಿಸಿ. ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಮೂಳೆ ಬೇಡ.

3. ದಿನವೂ ತುರಿಕೆ ಎಷ್ಟಿತ್ತೆಂದು ಬರೆದಿಡಿ. ಕಿವಿ, ಚರ್ಮದ ಸೋಂಕಿಗೆ ಚಿಕಿತ್ಸೆ ಜೊತೆಯಲ್ಲೇ ನಡೆಯಲಿ.

4. ಮರಿಗಳಿಗೆ, ಅಥವಾ ಎಂಟು ವಾರ ಮೀರಿ, ಇಂಥ ಪಥ್ಯ ಕೊಡುವುದಾದರೆ ಸುಣ್ಣದಂಶ ಮೊದಲಾದ ಪೋಷಕಾಂಶಗಳ ಕೊರತೆಯಾಗದಂತೆ ವೈದ್ಯರ ಸಲಹೆ ಪಡೆಯಿರಿ.

5. ಈ ಅಲರ್ಜಿಗೆ ಔಷಧದಿಂದ ಪೂರ್ತಿ ಗುಣವಿಲ್ಲ. ಒಗ್ಗದ್ದನ್ನು ಜೀವನಪರ್ಯಂತ ಬಿಡುವುದೇ ಮದ್ದು.

ಕರಿಯ ಈಗ ಮುದ್ದೆಯನ್ನು ಮಾಂಸದ ಸಾರಿಲ್ಲದಿದ್ದರೆ ಬಿಸಿನೀರಿನಲ್ಲೇ ತಿನ್ನುತ್ತದೆ, ರಾತ್ರಿ ಹೊಲ ಕಾಯುತ್ತದೆ. ನಿಮ್ಮ ಮನೆಯ ನಾಯಿ ಕೆರೆದುಕೊಳ್ಳುತ್ತಿದ್ದರೆ ಊರಾಚೆ ಬಿಡುವ ಮುನ್ನ ಅದರ ತಟ್ಟೆಯನ್ನೊಮ್ಮೆ ನೋಡಿ.