ಕೀ ಕೊಡುವ ಮುಂಚೆ ಆ ಇಂಗ್ಲಿಷ್ ಕಾಗದ ಓದಿ!

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)

ಬೆಂಗಳೂರಿನಿಂದ ರಜೆಗೆ ಬಂದು ಇಲ್ಲಿ ಕೂತಿರುವ ನಮ್ಮೂರ ಹುಡುಗರೇ,

ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿನ ಮಸಿಗೆ ಕೈ ಹಾಕಿದವನು. ಮದುವೆ ಕರೆಯೋಲೆ, ಅಡಿಕೆ ಮಂಡಿಯ ಬಿಲ್ ಪುಸ್ತಕ, ಸಂಘದವರ ಕರಪತ್ರ ಅಚ್ಚು ಹಾಕಿ ಬದುಕಿದವನು. ಕನ್ನಡದ ಬಗ್ಗೆ ನಾಲ್ಕು ಮಾತಾಡಿ ಅಂತ ಕರೆದಿದ್ದಾರೆ. ತಾಳಗುಂದದ ಶಾಸನ, ಬಳ್ಳಿಗಾವಿಯ ಅಲ್ಲಮ ಅಂತ ಶುರು ಮಾಡಿದರೆ ನನಗಿಂತ ನೀವೇ ಚೆನ್ನಾಗಿ ಹೇಳುತ್ತೀರಿ. ನಾನು ಇವತ್ತು ಮಾತಾಡುವುದು ಕಾರಿನ ಇನ್ಶೂರೆನ್ಸಿನ ಬಗ್ಗೆ. ನಗಬೇಡಿ! ಇದರಲ್ಲೂ ಕನ್ನಡದ ವಿಷಯ ಇದೆ, ದುಡ್ಡಿನ ವಿಷಯ ಅದಕ್ಕಿಂತ ಜಾಸ್ತಿ ಇದೆ.

2021ರ ನವೆಂಬರ್. ನನ್ನ ತಂಗಿಯ ಮಗನಿಗೆ 18 ತುಂಬಿ, ಕಲಿಕಾ ಲೈಸೆನ್ಸ್ ಕೈಗೆ ಬಂದು ಮೂರು ವಾರವಾಗಿತ್ತು. ಪ್ರೆಸ್ಸಿನ ಹಳೆಯ ಸಣ್ಣ ಕಾರಿನ ಕೀ ಕೇಳಿದ. ಕೊಟ್ಟವನು ನಾನೇ. ಮೂವರು ಗೆಳೆಯರನ್ನು ಹತ್ತಿಸಿಕೊಂಡು ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೊರಟಿದ್ದಾನೆ. ಆ ತಿಂಗಳಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆ ಅಂತ ನಿಮಗೆ ಗೊತ್ತು. ಅರ್ಧ ಡಾಂಬರಿನ ಮೇಲೆ ಮೆಕ್ಕೆಜೋಳ, ಅಂಚಿಗೆ ಸಾಲಾಗಿ ಕಲ್ಲು. ಎದುರಿಗೆ ಬಸ್ಸು ಬಂತು, ಹುಡುಗ ಜೋಳ ಉಳಿಸಲು ಹೋಗಿ ಮರಕ್ಕೆ ಗುದ್ದಿದ. ಒಬ್ಬ ಗೆಳೆಯನ ಕೈ ಮುರಿಯಿತು. ದೇವರು ದೊಡ್ಡವನು, ಅಷ್ಟಕ್ಕೇ ಮುಗಿಯಿತು. ಕಾರಿನ ರಿಪೇರಿ 58,000 ರೂಪಾಯಿ.

ನಾನು ಧೈರ್ಯವಾಗಿದ್ದೆ. ಪ್ರತಿ ವರ್ಷ ಫುಲ್ ಇನ್ಶೂರೆನ್ಸ್ ಕಟ್ಟಿದವನಲ್ಲವೇ! ಸರ್ವೇಯರ್ ಬಂದವರು ಮೂರೇ ಪ್ರಶ್ನೆ ಕೇಳಿದರು. ಓಡಿಸಿದ್ದು ಯಾರು? ಯಾವ ಲೈಸೆನ್ಸು? ಪಕ್ಕದ ಸೀಟಿನಲ್ಲಿ ಪಕ್ಕಾ ಲೈಸೆನ್ಸ್ ಇದ್ದವರು ಯಾರಿದ್ದರು? ಮೂರನೆಯದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಎರಡು ವಾರ ಬಿಟ್ಟು ಪತ್ರ ಬಂತು, ಇಂಗ್ಲಿಷಿನಲ್ಲಿ. ಅದನ್ನು ಹಿಡಿದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರ ಮನೆಗೆ ಹೋದೆ. ಅವರು ಓದಿ, ಕನ್ನಡಕ ತೆಗೆದು, "ಒಂದು ಪೈಸೆ ಇಲ್ಲವಂತೆ ಕಣ್ರಿ" ಅಂದರು.

ಕಂಪನಿಯವರನ್ನು ಬೈದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಮೇಷ್ಟ್ರನ್ನೇ ಕೂರಿಸಿಕೊಂಡು ಪಾಲಿಸಿಯ ಅಷ್ಟೂ ಹಾಳೆ ಓದಿಸಿದೆ. ಅಲ್ಲಿ ಚಾಲಕನ ಬಗ್ಗೆ ಒಂದು ಷರತ್ತು ಇದೆ. ಸಣ್ಣ ಅಕ್ಷರ. ಅಚ್ಚಿನ ಕೆಲಸದವನಾಗಿ ಹೇಳುತ್ತೇನೆ, ಅಷ್ಟು ಸಣ್ಣ ಅಕ್ಷರದಲ್ಲಿ ನಾನು ಮದುವೆ ಪತ್ರಿಕೆ ಹೊಡೆದುಕೊಟ್ಟರೆ ಬೀಗರು ಜಗಳಕ್ಕೆ ಬರುತ್ತಾರೆ. ಅದರ ಸಾರ ಇಷ್ಟು: ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದ ಯಾರು ಬೇಕಾದರೂ ಮಾಲೀಕರ ಒಪ್ಪಿಗೆಯಿಂದ ಓಡಿಸಬಹುದು. ಕಲಿಕಾ ಲೈಸೆನ್ಸ್ ಇದ್ದವರೂ ಓಡಿಸಬಹುದು. ಆದರೆ ಆಗ ಗಾಡಿಯಲ್ಲಿ ಪ್ರಯಾಣಿಕರನ್ನು ಸಾಗಿಸುತ್ತಿರಬಾರದು, ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು. ಆ 3ನೇ ನಿಯಮ ಏನು ಹೇಳುತ್ತದೆ? ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವವರು, ಗಾಡಿಯನ್ನು ಹತೋಟಿಗೆ ತರಲು ಇಲ್ಲವೇ ನಿಲ್ಲಿಸಲು ಆಗುವ ಜಾಗದಲ್ಲಿ ಕೂತಿರಬೇಕು. ಮುಂದೆ ಹಿಂದೆ ಬಿಳಿ ಹಲಗೆಯಲ್ಲಿ ಕೆಂಪು ಎಲ್ ಅಕ್ಷರ ಇರಬೇಕು.

ನೋಡಿ ಸ್ವಾಮಿ, ಎಷ್ಟು ಸರಳ! ಕಲಿಯುವ ಹುಡುಗನಿಗೆ ರಕ್ಷಣೆ ಅದೇ ಪಾಲಿಸಿಯಲ್ಲಿ ಮೊದಲೇ ಇದೆ. ಹೆಚ್ಚಿಗೆ ಒಂದು ರೂಪಾಯಿ ಕಟ್ಟಬೇಕಿಲ್ಲ. ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಸಂಸಾರಗಳನ್ನು ಕೇಳಿ ನೋಡಿ. ಮನೆಯಲ್ಲಿ ಹದಿಹರೆಯದವನು ಸ್ಟಿಯರಿಂಗ್ ಹಿಡಿಯುತ್ತಾನೆ ಅಂದರೆ ಅಲ್ಲಿ ಪ್ರೀಮಿಯಂ ಎದೆ ನಡುಗಿಸುತ್ತದೆ. ನಮ್ಮಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ಕಟ್ಟುವುದು ಗಾಡಿಯ ಮೇಲೆ, ಹುಡುಗನ ವಯಸ್ಸಿನ ಮೇಲಲ್ಲ. ಆದ್ದರಿಂದ ಯಾರಾದರೂ ಏಜೆಂಟ್ ಬಂದು "ಮಗ ಕಲೀತಾ ಇದ್ದಾನೆ, ಅವನ ಹೆಸರು ಸೇರಿಸಲು ಇಷ್ಟು ಕೊಡಿ" ಅಂದರೆ, ಯಾವ ಷರತ್ತಿನ ಪ್ರಕಾರ ಅಂತ ಬರೆದುಕೊಡಲು ಹೇಳಿ. ಕಾಫಿ ಕುಡಿದು ಹೋಗುತ್ತಾನೆ.

ಥರ್ಡ್ ಪಾರ್ಟಿ ದರ ಸರ್ಕಾರವೇ ಗೊತ್ತು ಮಾಡುವುದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿಯವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲೆ 7,897. ಜಿಎಸ್‌ಟಿ 18% ಬೇರೆ. ಅಂದರೆ ಸಣ್ಣ ಕಾರಿಗೆ ಸುಮಾರು 2,471 ಆಯಿತು, 1200 ಸಿಸಿಯದ್ದಕ್ಕೆ 4,031. ಈ ಭಾಗ ಎಲ್ಲ ಕಂಪನಿಯಲ್ಲೂ ಒಂದೇ. "ನಿಮಗೋಸ್ಕರ ಥರ್ಡ್ ಪಾರ್ಟಿ ಕಡಿಮೆ ಮಾಡಿಸ್ತೀನಿ" ಅನ್ನುವವನನ್ನು ನಂಬಬೇಡಿ. ಚೌಕಾಸಿ ಮಾಡಬೇಕಾದ್ದು ನಮ್ಮ ಗಾಡಿಗಾಗುವ ನಷ್ಟದ ಭಾಗದಲ್ಲಿ. ಅದನ್ನು ನಾಲ್ಕು ಕಡೆ ಕೇಳಿ. ಕಲಿಯಲಿಕ್ಕೆ 1000 ಸಿಸಿ ಒಳಗಿನ ಹಳೆಯ ಗಾಡಿ ಸಾಕು. ಮಗನ ಪ್ರತಿಷ್ಠೆಗೆ ದೊಡ್ಡ ಗಾಡಿ ತಂದರೆ ಅದರ ದಂಡ ವರ್ಷ ವರ್ಷ ನೀವೇ ತೆರುತ್ತೀರಿ.

ಹಳೆಯ ಗಾಡಿ ಕೊಂಡರೆ ಇನ್ನೊಂದು ಕಿವಿಮಾತು. ಗಾಡಿ ಕೈ ಬದಲಾದ 14 ದಿನದೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಆರ್‌ಸಿ ಬದಲಾಗಿ ಪಾಲಿಸಿ ಇನ್ನೂ ಹಾವೇರಿಯ ಯಾವನೋ ಹೆಸರಲ್ಲಿದ್ದರೆ, ನಿಮ್ಮ ರಿಪೇರಿ ಕ್ಲೈಮಿಗೆ ತಕರಾರು ಗ್ಯಾರಂಟಿ.

ಗಾಡಿ ಯಾರ ಹೆಸರಿಗೆ? ಅಪ್ಪ ಅಮ್ಮಂದಿರು ಪ್ರೀತಿ ಹೆಚ್ಚಾಗಿ ಮಗನ ಹೆಸರಿಗೆ ಬರೆಸುತ್ತಾರೆ. ಬೇಡ. ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಸಿಗುವ ನೋ ಕ್ಲೈಮ್ ಬೋನಸ್ 20%ರಿಂದ ಶುರುವಾಗಿ 50%ವರೆಗೆ ಏರುತ್ತದೆ. ಅದು ಗಾಡಿಯ ಸೊತ್ತಲ್ಲ, ಪಾಲಿಸಿದಾರರ ಸೊತ್ತು. ನಿಮ್ಮ ಹೆಸರಲ್ಲೇ ಇದ್ದರೆ ಮುಂದಿನ ಗಾಡಿಗೂ ಹೊತ್ತುಕೊಂಡು ಹೋಗಬಹುದು. ಮಗನ ಹೆಸರಿಗೆ ಹೋದರೆ ಅವನು ಸೊನ್ನೆಯಿಂದ ಶುರು. ಹಾಗೆಯೇ ಹುಡುಗ ಗೇಟಿಗೆ ಉಜ್ಜಿ ಗೀರು ಮಾಡಿದ ಅಂತ ಎರಡು ಸಾವಿರದ ಕ್ಲೈಮಿಗೆ ಓಡಬೇಡಿ. ಆ ಬೋನಸ್ಸು ಪೂರಾ ಹೋಗುತ್ತದೆ. ಅವಧಿ ಮುಗಿದ ಮೇಲೆ 90 ದಿನ ನವೀಕರಿಸದೆ ಬಿಟ್ಟರೂ ಹೋಗುತ್ತದೆ.

ಉಳಿತಾಯದ ಮಾತಾಡುತ್ತಾ ಒಂದು ಕಡೆ ಮಾತ್ರ ಜಿಪುಣತನ ಬೇಡ ಅನ್ನುತ್ತೇನೆ. ಪಾಲಿಸಿಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ ಚಾಲಕನಿಗೆ, ಅಂದರೆ ಗಾಡಿ ಯಾರ ಹೆಸರಲ್ಲಿದೆಯೋ ಅವರಿಗೆ. ಅಪ್ಪನ ಕಾರು ಓಡಿಸುತ್ತಿರುವ ಮಗನಿಗೆ ಅದು ಇಲ್ಲ! ಇದು ನನಗೆ ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ. ತಂಗಿಯ ಮುಖ ಕಣ್ಣ ಮುಂದೆ ಬಂತು. ಹುಡುಗನ ಹೆಸರಿಗೆ ಪ್ರತ್ಯೇಕವಾಗಿ ಒಂದು ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ. ಇನ್ನೊಂದು, ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಖಾಸಗಿ ಕಾರಿನಲ್ಲಿ ಪುಕ್ಕಟೆ ಕೂತ ಗೆಳೆಯನಿಗೆ ಪೆಟ್ಟಾದರೆ ಕಂಪನಿ ಕೈ ಎತ್ತಬಹುದು. ಆ ಕೈ ಮುರಿದ ಹುಡುಗನ ಆಸ್ಪತ್ರೆ ಖರ್ಚು ನಾನೇ ಕೊಟ್ಟೆ. ಅವರಪ್ಪ ಕೇಳಿರಲಿಲ್ಲ. ಇವತ್ತಿಗೂ ಎದುರಿಗೆ ಸಿಕ್ಕರೆ ನಾನೇ ಮೊದಲು ನಮಸ್ಕಾರ ಹೇಳುತ್ತೇನೆ.

ನಮ್ಮ ಗಾಡಿಯಿಂದ ದಾರಿಹೋಕರಿಗೆ ಪೆಟ್ಟಾದರೆ? ಸುಪ್ರೀಂ ಕೋರ್ಟು 2004ರ ಜನವರಿಯಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟ ಹೇಳಿದೆ. ಕಲಿಕಾ ಲೈಸೆನ್ಸೂ ಲೈಸೆನ್ಸೇ, ಅದು ಇದ್ದವನು ಓಡಿಸುತ್ತಿದ್ದರೂ ಕಂಪನಿ ನೊಂದವರಿಗೆ ಪರಿಹಾರ ಕೊಡಬೇಕು. ಆದರೆ ಲೈಸೆನ್ಸೇ ಇಲ್ಲದವನ ಕೈಗೆ ಗೊತ್ತಿದ್ದೂ ಕೀ ಕೊಟ್ಟರೆ, ಕಂಪನಿ ನೊಂದವರಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು. ವಸೂಲಿ ಅಂದರೆ ಗದ್ದೆ, ತೋಟದ ಮಾತು.

ಅದಕ್ಕೇ 18 ತುಂಬದವರ ಮಾತು ಬೇರೆ. 16 ತುಂಬಿದವರಿಗೆ ಕಾನೂನು ಬಿಟ್ಟಿರುವುದು 50 ಸಿಸಿ ಒಳಗಿನ ದ್ವಿಚಕ್ರ ಮಾತ್ರ. ನಮ್ಮ ಕಾಲದ ಲೂನಾ ಇತ್ತಲ್ಲ, ಅಂಥದ್ದು. ಇವತ್ತಿನ ಎಕ್ಸೆಲ್ ಕೂಡ 100 ಸಿಸಿಯದ್ದು. ಹಾಗಿರುವಾಗ ಬೆಳಿಗ್ಗೆ ಹತ್ತಕ್ಕೆ ಪಿಯು ಕಾಲೇಜಿನ ಮುಂದೆ ನಿಂತು ನೋಡಿ! 2019ರ ತಿದ್ದುಪಡಿಯ ಮೇಲೆ, ಅಪ್ರಾಪ್ತ ಮಕ್ಕಳು ಹೀಗೆ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಆ ಮಗುವಿಗೆ 25 ತುಂಬುವವರೆಗೆ ಕಲಿಕಾ ಲೈಸೆನ್ಸೂ ಸಿಗುವುದಿಲ್ಲ. ಎಂಟು ವರ್ಷ ಕಾಯುವುದಕ್ಕಿಂತ ಎಂಟು ತಿಂಗಳು ಕಾಯುವುದು ಲೇಸಲ್ಲವೇ?

ಈಗ ಕನ್ನಡದ ಮಾತು. ನಾಲ್ಕು ಸರ್ಕಾರಿ ಜನರಲ್ ಇನ್ಶೂರೆನ್ಸ್ ಕಂಪನಿಗಳ ಕೇಂದ್ರ ಕಚೇರಿ ಕೋಲ್ಕತ್ತಾ, ಮುಂಬೈ, ದೆಹಲಿ, ಚೆನ್ನೈಯಲ್ಲಿವೆ. ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸೊರಬದ ರೈತ ಪ್ರೀಮಿಯಂ ಕಟ್ಟುವ ನೋಟಿನ ಮೇಲೆ ಕನ್ನಡ ಇದೆ, ಅವನಿಗೆ ಸಿಗುವ ಷರತ್ತಿನ ಹಾಳೆಯ ಮೇಲೆ ಯಾಕಿಲ್ಲ? ವಿಮಾ ನಿಯಂತ್ರಣ ಪ್ರಾಧಿಕಾರದ 2002ರ ನಿಯಮಾವಳಿಯಲ್ಲೇ, ಅರ್ಜಿ ಮತ್ತು ದಾಖಲೆಗಳನ್ನು ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಸಂದರ್ಭ ನೋಡಿ ಒದಗಿಸಬಹುದು ಅಂತ ಬರೆದಿದ್ದರು. "ಒದಗಿಸಬಹುದು"! "ಒದಗಿಸಲೇಬೇಕು" ಅಂತ ಬರೆದಿದ್ದರೆ ನಾನು ಮೇಷ್ಟ್ರ ಮನೆ ಬಾಗಿಲು ತಟ್ಟಬೇಕಿರಲಿಲ್ಲ. ನೀವು ಬೆಂಗಳೂರಲ್ಲಿ ಓದಿದವರು, ಇಂಗ್ಲಿಷ್ ಬಲ್ಲವರು. ಒಂದು ಉಪಕಾರ ಮಾಡಿ. ಊರಿಗೆ ಬಂದಾಗ ಅಪ್ಪನ ಪಾಲಿಸಿ ಬೀರುವಿನಿಂದ ತೆಗೆದು, ಆ ಚಾಲಕನ ಷರತ್ತನ್ನು ಕನ್ನಡದಲ್ಲಿ ಒಂದು ಹಾಳೆಗೆ ಬರೆದು ಅದರ ಜೊತೆಗೇ ಪಿನ್ ಮಾಡಿ. ಪಾಲಿಸಿ ನವೀಕರಿಸುವಾಗ ಕನ್ನಡದ ಪ್ರತಿ ಬೇಕು ಅಂತ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ನನ್ನದೂ ಒಂದು ತಪ್ಪಿದೆ, ಒಪ್ಪಿಕೊಂಡು ಬಿಡುತ್ತೇನೆ. ಎಷ್ಟೋ ವರ್ಷ ನಾನೇ ಎಲ್ ಸ್ಟಿಕ್ಕರ್ ಅಚ್ಚು ಹಾಕಿ ಮಾರಿದೆ. ಅಂಗೈ ಅಗಲದ್ದು, ನೋಡಲು ಚೆಂದ. ನಿಯಮ ಓದಿಸಿದ ಮೇಲೆ ಸ್ಕೇಲ್ ಹಿಡಿದು ಅಳೆದರೆ ಒಂದೂ ಸರಿ ಇಲ್ಲ! ಹಲಗೆ 18 ಸೆಂಟಿಮೀಟರ್ ಚೌಕಕ್ಕಿಂತ ಕಡಿಮೆ ಇರಬಾರದು. ಅಕ್ಷರ 10 ಸೆಂಟಿಮೀಟರ್ ಎತ್ತರ, 2 ದಪ್ಪ, ಬುಡದಲ್ಲಿ 9 ಅಗಲ. ಉಳಿದಿದ್ದ ಹಳೇ ಸ್ಟಿಕ್ಕರುಗಳನ್ನೆಲ್ಲ ಒಲೆಗೆ ಹಾಕಿದೆ.

ಹೊಸದು ಮಾಡಿಸುವಾಗ ಸಂಘದ ಹುಡುಗನೊಬ್ಬ "ಅಣ್ಣಾ, ಎಲ್ ಯಾಕೆ, ಕನ್ನಡದ ಕ ಹಾಕಿ" ಅಂದ. ಅವನ ಅಭಿಮಾನ ದೊಡ್ಡದು, ಆದರೆ ನಿಯಮದಲ್ಲಿರುವುದು ಎಲ್. ಕ ಹಾಕಿ ಕ್ಲೈಮ್ ಕಳೆದುಕೊಂಡರೆ ಅವನು ತುಂಬಿಕೊಡುತ್ತಾನೆಯೇ? ಎಲ್ ಅನ್ನು ಅಳತೆ ಪ್ರಕಾರ ಹೊಡೆದು, ಹಲಗೆಯನ್ನು ಕೆಳಗೆ ಸ್ವಲ್ಪ ಉದ್ದ ಮಾಡಿ, ಅಲ್ಲಿ "ಕಲಿಯುತ್ತಿದ್ದೇನೆ, ದಾರಿ ಕೊಡಿ" ಅಂತ ಕನ್ನಡದಲ್ಲಿ ಹಾಕಿದ್ದೇನೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ, ದುಡ್ಡು ಬೇಡ. ಒಬ್ಬೊಬ್ಬರು ಎರಡೆರಡು ತೆಗೆದುಕೊಳ್ಳಿ, ಮುಂದೆ ಒಂದು, ಹಿಂದೆ ಒಂದು.