ಕೂಣಿಯ ಸಂದಿಯಲ್ಲಿ ತೂರದ ವೈರಸ್

ಶಿಕಾರಿಪುರ, ಸೊರಬದ ಮಕ್ಕಳಿಗೆ ಕೆರೆಬೇಟೆ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಊರಿಗೆ ಊರೇ ಕೂಣಿ ಹಿಡಿದು ಕೆಸರಿಗಿಳಿಯುತ್ತದೆ. ಬೇರೆ ಊರಿನವರಿಗಾಗಿ ಹೇಳುತ್ತೇನೆ: ಕೂಣಿ ಅಂದರೆ ಬಿದಿರಿನ ಸೀಳುಗಳಿಂದ ಮಾಡಿದ, ಎರಡೂ ಕಡೆ ಬಾಯಿರುವ ಬುಟ್ಟಿ. ಅಗಲದ ಬಾಯಿಯನ್ನು ಕೆಸರಿಗೆ ಒತ್ತಿ, ಮೇಲಿನಿಂದ ಕೈ ಹಾಕಿ ತಡಕಬೇಕು. ದೊಡ್ಡ ಮೀನು ಒಳಗೇ ಪಟಪಟ ಬಡಿದುಕೊಳ್ಳುತ್ತಿರುತ್ತದೆ. ಮರಿಮೀನು ಆಗಲೇ ಸಂದಿಯಲ್ಲಿ ಜಾರಿ ಹೋಗಿರುತ್ತದೆ.

ನಿಮ್ಮ ಸೊಂಟದ ಮೇಲೆ, ಬೆನ್ನಿನ ಕಡೆ, ಹಗಲೂ ರಾತ್ರಿ ಇಂಥದೇ ಕೆಲಸ ನಡೆಯುತ್ತಿದೆ. ಅಲ್ಲಿರುವ ಎರಡು ಮೂತ್ರಪಿಂಡಗಳಲ್ಲಿ (ಕಿಡ್ನಿ ಅಂದರೇ ಎಲ್ಲರಿಗೂ ಬೇಗ ತಿಳಿಯುತ್ತದೆ, ಬಿಡಿ) ಒಂದೊಂದರಲ್ಲೂ ಸುಮಾರು 10 ಲಕ್ಷ ಪುಟ್ಟ ಜರಡಿಗಳಿವೆ. ದೊಡ್ಡವರ ಕಿಡ್ನಿ ದಿನಕ್ಕೆ 180 ಲೀಟರ್, ಅಂದರೆ ಹನ್ನೆರಡು ಕೊಡದಷ್ಟು ನೀರನ್ನು ರಕ್ತದಿಂದ ಸೋಸುತ್ತದೆ. ಬೇಕಾದ್ದನ್ನೆಲ್ಲ ವಾಪಸ್ ಎಳೆದುಕೊಂಡು ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತದೆ.

ಈ ಜರಡಿಗಳು ಕೆಟ್ಟರೆ? 1943ರಲ್ಲಿ ನೆದರ್ಲೆಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್ ಅದಕ್ಕೊಂದು ಉಪಾಯ ಹುಡುಕಿದರು. ಯುದ್ಧದ ಕಾಲ, ಯಾವ ಸಾಮಾನೂ ಸಿಗುತ್ತಿರಲಿಲ್ಲ. ಮಾಂಸದ ತಿಂಡಿ ತುಂಬಿಡುವ ಸೆಲೋಫೇನ್ ಕೊಳವೆಯನ್ನು ಮರದ ಉರುಳೆಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಕೊಳವೆಯೊಳಗೆ ರಕ್ತ, ಹೊರಗೆ ನೀರು. 1945ರಲ್ಲಿ 67 ವರ್ಷದ ಅಜ್ಜಿಯೊಬ್ಬರು ಅದರಿಂದ ಬದುಕಿಕೊಂಡರು. ಇಂದಿನ ಡಯಾಲಿಸಿಸ್ ಯಂತ್ರ ಅದರದೇ ಮೊಮ್ಮಗು. ಈಗ ಒಂದು ಕೊಳವೆಯ ಬದಲು ಕೂದಲಿನಷ್ಟು ಸಣ್ಣ ಸಾವಿರಾರು ಕೊಳವೆಗಳು.

ಚಂದ್ರಗುತ್ತಿ ಕಡೆಯ ಒಬ್ಬ ಅಜ್ಜ ಅಂದುಕೊಳ್ಳಿ. ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ನಾಲ್ಕು ಗಂಟೆ ಅವರು ಯಂತ್ರದ ಪಕ್ಕ ಮಲಗಬೇಕು. ಸೂಜಿ ಚುಚ್ಚಲು ಅನುಕೂಲವಾಗಲೆಂದು ಅವರ ಕೈಯಲ್ಲಿ ವೈದ್ಯರು ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿರುತ್ತಾರೆ. ಆ ಜಾಗ ಉಬ್ಬಿಕೊಂಡಿರುತ್ತದೆ. ಅಜ್ಜ ಒಪ್ಪಿದರೆ ಮೆಲ್ಲಗೆ ಬೆರಳಿಟ್ಟು ನೋಡಿ: ಮುಷ್ಟಿಯಲ್ಲಿ ಜೀರುಂಡೆ ಹಿಡಿದ ಹಾಗೆ ಗುಂಯ್ ಅನ್ನುತ್ತದೆ. ಆ ಕೈಯನ್ನು ಮಾತ್ರ ಆಟಕ್ಕೂ ಜಗ್ಗಬಾರದು.

ಈಗ 2020ಕ್ಕೆ ಬನ್ನಿ. ಕೊರೊನಾ ವೈರಸ್ ಹರಡದಿರಲೆಂದು ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ. ಶಾಲೆ ಇಲ್ಲ, ಬಸ್ಸಿಲ್ಲ, ಎಲ್ಲರೂ ಮನೆಯೊಳಗೆ. ಅಜ್ಜ ಮಾತ್ರ ಒಳಗಿರುವ ಹಾಗಿಲ್ಲ. ಎರಡು ಸಲ ತಪ್ಪಿಸಿದರೆ ಸಾಕು, ಹೊರಗೆ ಹೋಗಬೇಕಾದ ನೀರು ಮೈಯಲ್ಲೇ ನಿಂತು ಕಾಲು ಊದುತ್ತದೆ, ಶ್ವಾಸಕೋಶಕ್ಕೂ ಇಳಿಯುತ್ತದೆ. ಆಗ ಏದುಸಿರು ಬರುತ್ತದೆ. ಕೊರೊನಾ ಬಂದರೂ ಏದುಸಿರೇ! ಯಾವುದರಿಂದ ಯಾವುದು ಅಂತ ವೈದ್ಯರಿಗೂ ತಟ್ಟನೆ ಹೇಳಲಾಗದು. ಜ್ವರ ನೋಡಿ ತಿಳಿಯೋಣವೆಂದರೆ ಡಯಾಲಿಸಿಸ್‌ನವರಲ್ಲಿ ಎಷ್ಟೋ ಜನರಿಗೆ ಜ್ವರವೇ ಸರಿಯಾಗಿ ಏರುವುದಿಲ್ಲ. ರಕ್ತದಲ್ಲಿ ಕಸ ಉಳಿದು ಉಳಿದು ಅವರ ಬಿಳಿರಕ್ತಕಣಗಳು ಮಂಕಾಗಿರುತ್ತವೆ. ಜ್ವರ ಅಂದರೆ ಮೈ ಬಾರಿಸುವ ಡಂಗುರ ತಾನೇ? ಡಂಗುರದವನೇ ತೂಕಡಿಸಿದರೆ ಊರಿಗೆ ಸುದ್ದಿ ಮುಟ್ಟುವುದು ಹೇಗೆ?

ಹಾಗಾಗಿಯೇ ಸೋಂಕಿನ ಅನುಮಾನ ಇದ್ದವರಿಗೆ ಬೇರೆ ಕೋಣೆ, ಬೇರೆ ಯಂತ್ರ, ಅದಿಲ್ಲದಿದ್ದರೆ ದಿನದ ಕೊನೆಯ ಸರದಿ ಕೊಡಬೇಕಾಯಿತು. ಯುರೋಪಿನಲ್ಲಿ ಮೊದಲ ಅಲೆಯಲ್ಲಿ ಸೋಂಕು ತಗುಲಿದ ಡಯಾಲಿಸಿಸ್ ರೋಗಿಗಳ ಲೆಕ್ಕ ಹಾಕಿದಾಗ, ಸುಮಾರು ಐವರಲ್ಲಿ ಒಬ್ಬರು ಒಂದು ತಿಂಗಳೊಳಗೆ ತೀರಿಕೊಂಡಿದ್ದರು. ಹೇಳಲು ಬೇಸರವಾಗುವ ಲೆಕ್ಕ. ಆದರೆ ಉಳಿದ ನಾಲ್ವರು ಬದುಕಿದರು ಅನ್ನುವುದೂ ಅದರಲ್ಲೇ ಇದೆ.

ನಿಮ್ಮಲ್ಲಿ ಚುರುಕಾದವರು ಇಷ್ಟು ಹೊತ್ತಿಗೆ ಕೇಳಿರುತ್ತೀರಿ: ಯಂತ್ರ ರಕ್ತವನ್ನೇ ಸೋಸುತ್ತದಲ್ಲ, ವೈರಸ್ಸನ್ನೂ ಸೋಸಿ ಎಸೆಯಬಾರದೇಕೆ?

ಕೂಣಿ ನೆನಪಿದೆಯಲ್ಲ? ಡಯಾಲಿಸಿಸ್‌ನಲ್ಲಿ ಹೊರಗೆ ಹೋಗುವುದು ಸಂದಿಯಲ್ಲಿ ಜಾರುವ ಮರಿಮೀನುಗಳು: ಯೂರಿಯಾ, ಹೆಚ್ಚಾದ ಪೊಟ್ಯಾಸಿಯಂ, ನೀರು. ಆ ಕೊಳವೆಗಳ ಗೋಡೆಯ ರಂಧ್ರ ಕೆಲವೇ ನ್ಯಾನೋಮೀಟರ್ ಅಗಲ. ಕೊರೊನಾ ವೈರಸ್ ಸುಮಾರು 100 ನ್ಯಾನೋಮೀಟರ್. ನಿಮ್ಮ ಒಂದು ತಲೆಗೂದಲಿನ ದಪ್ಪದಲ್ಲಿ ಏಳೆಂಟು ನೂರು ವೈರಸ್ಸುಗಳನ್ನು ಸಾಲಾಗಿ ನಿಲ್ಲಿಸಬಹುದು, ಅಷ್ಟು ಸಣ್ಣದು. ಆದರೂ ಈ ಕೂಣಿಗೆ ಅದು ದೊಡ್ಡ ಮೀನೇ. ಸಂದಿ ಅಗಲ ಮಾಡೋಣ ಅಂದರೆ ರಕ್ತದ ಪ್ರೋಟೀನೇ ಸೋರಿಹೋದೀತು. ಅದೂ ಅಲ್ಲದೆ ವೈರಸ್ಸಿನ ಠಿಕಾಣಿ ಹೆಚ್ಚಾಗಿ ಮೂಗು, ಗಂಟಲು, ಶ್ವಾಸಕೋಶದಲ್ಲಿ. ಮೀನಿರುವ ಕೆರೆ ಬಿಟ್ಟು ಬೇರೆ ಕೆರೆಗೆ ಕೂಣಿ ಹಾಕಿದ ಹಾಗಾಗುತ್ತದೆ.

2021ರ ಮಾರ್ಚ್ 1ರಂದು ಹಿರಿಯರಿಗೂ, 45 ದಾಟಿದ ಕಾಯಿಲೆಯವರಿಗೂ ಲಸಿಕೆ ಶುರುವಾದಾಗ ಆ ಕಾಯಿಲೆಗಳ ಪಟ್ಟಿಯಲ್ಲಿ ಡಯಾಲಿಸಿಸ್‌ನವರೂ ಇದ್ದರು. ಮಂಕಾದ ಬಿಳಿಕಣಗಳು ಲಸಿಕೆಯ ಪಾಠವನ್ನೂ ನಿಧಾನವಾಗಿ ಕಲಿಯುತ್ತವೆ. ಅದಕ್ಕೇ ಇಂಥವರಿಗೆ ಹೆಚ್ಚುವರಿ ಡೋಸ್ ಬೇಕಾಯಿತು.

ನಿಮ್ಮ ಮನೆಯಲ್ಲೂ ಅಂಥ ಅಜ್ಜನೋ ಅಜ್ಜಿಯೋ ಇದ್ದರೆ, ನಿಮಗೆ ನೆಗಡಿಯಾದ ದಿನ ಅವರ ಪಕ್ಕ ಮಲಗಬೇಡಿ. ಕಥೆಯನ್ನು ಬಾಗಿಲ ಆಚೆ ಕೂತೇ ಕೇಳಿ.