ಹೊಗೆ ಕೊಳವೆ ಎಷ್ಟು ಕಾಯಬೇಕು?



ಇಂದು ಒಲೆಯ ಮಾತು ಆಡೋಣ. ಗ್ಯಾಸ್ ಬಂದರೂ ನಮ್ಮ ಮರೋಳದ ಕಡೆ ನೀರು ಕಾಯಿಸಲು, ರೊಟ್ಟಿ ಸುಡಲು ಕಟ್ಟಿಗೆ ಒಲೆ ಇನ್ನೂ ಬೇಕು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಜಾಲಿ, ಕುಳ್ಳು. ಹೊರೆ ಹೊರುವವರು ನಾವೇ. ಹೊಗೆ ಕುಡಿಯುವವರೂ ನಾವೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಹುಡುಕುವುದು ಅದರ ಕೆಲಸ. ಅಲ್ಲಿ ಮಾಡಿದ ಒಲೆಗೆ ಅಸ್ತ್ರ ಒಲೆ ಎಂದೇ ಹೆಸರು. ಮೂರು ಪಾತ್ರೆ ಇಡಬಹುದು. ಹೊಗೆ ಕೊಳವೆ ಹಿಡಿದು ಮಾಳಿಗೆ ಮೇಲೆ ಹೋಗುತ್ತದೆ.

ಹೊಗೆ ಯಾಕೆ ಮೇಲೇರ್ತದ? ಬಿಸಿ ಗಾಳಿ ಹಗುರ, ಅದಕ್ಕೆ. ಕೊಳವೆ ತಣ್ಣಗಾದರೆ ಹೊಗೆ ಮನೆಯೊಳಗೆ ತಿರುಗುತ್ತದೆ. ಕೊಳವೆಗೆ ಮಸಿ, ಅಂಟು ಹಿಡಿಯುತ್ತದೆ. ಬಹಳ ಕಾದರೆ? ನಾವು ಹೊತ್ತು ತಂದ ಕಟ್ಟಿಗೆಯ ಕಾವು ಪಾತ್ರೆಗೆ ತಾಗದೆ ಆಕಾಶಕ್ಕೆ ಹೋಯಿತು ಅಂತ ತಿಳೀರಿ.

ಬಿಸಿ ಅಳೆಯುವುದು ಹೇಗೆ? ಜ್ವರ ನೋಡುವ ಕಡ್ಡಿ ಇಲ್ಲಿ ನಡೆಯದು. ಅದು 42 ಡಿಗ್ರಿಗೇ ಮುಗಿಯುತ್ತದೆ. ನೀರು 100 ಡಿಗ್ರಿಗೆ ಕುದಿಯುತ್ತದೆ. ಹಂಚು ಕಾದಿದೆಯೇ ಎಂದು ನೀರು ಚಿಮುಕಿಸಿ ನೋಡುತ್ತೇವಲ್ಲ, ಹಾಗೇ ಕೊಳವೆಗೂ ಎರಡು ಹನಿ ಚಿಮುಕಿಸಿ. ಕೈ ಮುಟ್ಟಿಸಬೇಡಿ. ‘ಚುಂಯ್’ ಅಂದು ಹನಿ ಹಾರಿದರೆ ಕೊಳವೆಯ ಹೊರಮೈಯೇ 100 ಡಿಗ್ರಿ ದಾಟಿದೆ. ಒಳಗಿನ ಹೊಗೆ ಇನ್ನೂ ಬಿಸಿ. ಒಂದೆರಡು ಕಟ್ಟಿಗೆ ಹಿಂದಕ್ಕೆ ಎಳೆಯಿರಿ. ಹನಿ ಸುಮ್ಮನೆ ಇಳಿದು ಹೋಯಿತೇ? ಹೊಗೆಯೂ ಒಲೆ ಬಾಯಿಂದ ಬರುತ್ತಿದೆಯೇ? ಸಣ್ಣಗೆ ಸೀಳಿದ ಒಣ ಕಟ್ಟಿಗೆ ಹಾಕಿ. ಹಸಿ ಕಟ್ಟಿಗೆ ಬ್ಯಾಡ. ಅದರ ಕಾವೆಲ್ಲ ತನ್ನ ನೀರು ಆರಿಸಲಿಕ್ಕೇ ಹೋಗುತ್ತದೆ.

ಒಂದು ಮಳೆಗಾಲ ನಾವೇ ತಪ್ಪು ಮಾಡಿದೆವು. ಮಳೆ ನೀರು ಬರುತ್ತದೆಂದು ರಾತ್ರಿ ಕೊಳವೆಯ ಬಾಯಿಗೆ ತಗಡು ಮುಚ್ಚಿದೆವು. ಬೆಳಕಿಂಡಿಗೂ ಕಲ್ಲು ಎಳೆದೆವು. ಒಲೆಯಲ್ಲಿ ಬರೀ ಕೆಂಡ ಇತ್ತು, ಹೊಗೆ ಇರಲಿಲ್ಲ. ಆದರೂ ತಲೆ ಸಿಡಿಯಿತು, ವಾಂತಿ ಬಂತು. ಅತ್ತಿ ಎದ್ದು ಬಾಗಿಲು ತೆಗೆದಳು, ಉಳಿದೆವು. ಕೆಂಡದಿಂದ ಬರುವ ವಿಷಗಾಳಿಗೆ ಕಾರ್ಬನ್ ಮೊನಾಕ್ಸೈಡ್ ಎನ್ನುತ್ತಾರೆ. ಅದು ಕಣ್ಣಿಗೆ ಕಾಣದು, ವಾಸನೆ ಇಲ್ಲ. ಇದ್ದಲಿ ಶೆಗಡಿಯಲ್ಲೂ ಅದೇ ಗಾಳಿ. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು, ಕಿಟಕಿ ಜಡಿಯಬೇಡಿ. ಕೂಸಿಗೆ ಹೇಳಲು ಬಾಯಿಲ್ಲ.

ಕೊಳವೆಯ ಮಸಿಯನ್ನು ಒಲೆ ಪೂರ್ತಿ ತಣ್ಣಗಿರುವಾಗ ತೆಗೆಯಬೇಕು. ಉದ್ದ ಕೋಲಿಗೆ ಹಳೆ ಅರಿವೆ ಸುತ್ತಿ ಮೇಲಿನಿಂದ ಆಡಿಸಿದರೆ ಸಾಕು. ಮಾಳಿಗೆ ಹತ್ತಲು ಮನೆಯ ಗಂಡಸರಿಗೆ ಹೇಳಿ. ರೊಟ್ಟಿ ಅವರೂ ತಿಂತಾರಲ್ಲ!